ಬುಧವಾರದ ಗಂಟೆ

ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಎಟೋಬಿಕೋಕ್‌ನ ಆ ಹಳೆಯ ಬೀದಿಯಲ್ಲಿ ಮೇಪಲ್ ಮರಗಳ ಎಲೆ ಅರ್ಧ ಉದುರಿ ಅರ್ಧ ಉಳಿದಿತ್ತು. ನೆಲ ಇನ್ನೂ ಹೆಪ್ಪುಗಟ್ಟಿರಲಿಲ್ಲ. ಬೆಳ್ಳುಳ್ಳಿ ಊರುವುದಕ್ಕೆ ಇದೇ ವಾರ ಸರಿ. ಜುಸ್ತಿನಾ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಗಡ್ಡೆ ಒಡೆದು ಎಸಳು ಬಿಡಿಸುತ್ತಿದ್ದಳು. ದಪ್ಪ ಎಸಳು ಬುಟ್ಟಿಗೆ, ಸಣ್ಣದು ಅಡುಗೆಗೆ. ಅವಳಿಗೆ ಅರವತ್ತೊಂದು. ಗಂಡ ಲ್ಯಾನ್ಸಿ ತೀರಿಕೊಂಡ ಮೇಲೂ ಆರು ಸಾಲು ಬೆಳ್ಳುಳ್ಳಿಯನ್ನು ಒಂದು ವರ್ಷವೂ ತಪ್ಪಿಸಿರಲಿಲ್ಲ.

ಪಕ್ಕದಲ್ಲಿ ಪ್ರಕೃತಿ ಕುಳಿತಿದ್ದಳು. ಮೈಸೂರಿನ ಹುಡುಗಿ, ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದಳು. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ ಮನೆ ನೋಡಲು ಬಂದವಳನ್ನು ಜುಸ್ತಿನಾ, ಎಂತ ಓದುವುದು ನೀನು ಎಂದು ಕೇಳಿದ್ದಳು. ಏಳುನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಕಾನ್ವೆಂಟು ಬಿಟ್ಟು ಓಡಿಹೋದ ಸಿಸ್ಟರುಗಳ ಬಗ್ಗೆ ಎಂದು ಹುಡುಗಿ ಹೇಳಿದಳು. ಜುಸ್ತಿನಾ, "ಅಷ್ಟು ಹಿಂದೆ ಯಾಕೆ ಹೋಗ್ತೀ? ಒಬ್ಬಳು ಇಲ್ಲೇ ಇದ್ದಾಳೆ" ಎಂದಿದ್ದಳು.

ಹಾವೇರಿ ಕಡೆಯ ಒಂದು ಹಳ್ಳಿಯ ಕಾನ್ವೆಂಟಿನಲ್ಲಿ ಜುಸ್ತಿನಾ ಹನ್ನೆರಡು ವರ್ಷ ಸಿಸ್ಟರ್ ಆಗಿದ್ದಳು. ಬೆಳ್ಳುಳ್ಳಿ ಊರುವುದನ್ನು ಕಲಿತದ್ದೂ ಅಲ್ಲಿಯೇ, ತೋಟದ ಆಳು ತಿಪ್ಪಣ್ಣನಿಂದ. ಬಿಟ್ಟುಬಂದದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಪ್ರಾರ್ಥನೆಯಲ್ಲಿ ಬಾಯಿ ಆಡುತ್ತಿತ್ತು, ತಾನು ಅಲ್ಲಿ ಇರುತ್ತಿರಲಿಲ್ಲ. ಎರಡು ಸಲ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಹತ್ತಿರ ಹೇಳಿದಳು. ಎರಡು ಸಲವೂ ಮದರ್, ಕಾದು ನೋಡು ಎಂದರು. ಮೂವತ್ತಮೂರನೆಯ ವಯಸ್ಸಿನಲ್ಲಿ ಒಂದು ಬುಧವಾರ ನಸುಕಿನಲ್ಲಿ ಹಿಂದಿನ ಬಾಗಿಲಿನಿಂದ ಹೊರಟುಬಿಟ್ಟಳು. ಮದುವೆಯಾಗಿ ಈ ದೇಶಕ್ಕೆ ಬಂದದ್ದು ಆಮೇಲೆ.

"ಆಂಟಿ, ನಿಮಗೊಂದು ಪ್ರಶ್ನೆ. ಪ್ರೊಫೆಷನಲ್ ಪ್ರಶ್ನೆ" ಎಂದಳು ಪ್ರಕೃತಿ.

"ಕೇಳು. ಸಿಪ್ಪೆ ಹರಿಯಬೇಡ ಮಾರಾಯ್ತಿ. ಅಂಗಿ ಇಲ್ಲದೆ ಅದು ಈ ಊರಿನ ಚಳಿಗಾಲ ಹೇಗೆ ಕಳೆಯುವುದು?"

"ನನ್ನ ಮೂರನೇ ಚಾಪ್ಟರಲ್ಲಿ ಆಗ್ನೆಸ್ ಅಂತ ಒಬ್ಬಳು ಬರ್ತಾಳೆ. ಬಿಷಪ್‌ನ ದಾಖಲೆ ಪುಸ್ತಕದಲ್ಲಿ ಅವಳ ಬಗ್ಗೆ ಇರೋದು ನಾಲ್ಕೇ ಸಾಲು. ಒಂದು ಹಬ್ಬದ ದಿನ ನಸುಕಿನಲ್ಲಿ ಓಡಿಹೋದ್ಲು. ಬಿಷಪ್ ವಿಚಾರಣೆ ಮಾಡಿದಾಗ ಉಳಿದ ಸಿಸ್ಟರುಗಳೆಲ್ಲ, ಬೆಳಗಿನ ಗಂಟೆ ಎಂದಿನ ಹಾಗೆ ಆಯ್ತು, ಅದಕ್ಕೇ ನಾವು ಹುಡುಕಲಿಲ್ಲ ಅಂದ್ರು. ಬಟ್ ಆ ವಾರ ಗಂಟೆ ಹೊಡೆಯೋ ಪಾಳಿ ಆಗ್ನೆಸ್‌ದೇ. ನಮ್ಮ ಪ್ರೊಫೆಸರ್ ಹೇಳ್ತಾರೆ, ಅವಳೇ ಗಂಟೆ ಹೊಡೆದು ಆಮೇಲೆ ಹೋಗಿರ್ತಾಳೆ ಅಂತ. ನಾನೂ ಹಾಗೇ ಬರ್ದಿದೀನಿ."

ಜುಸ್ತಿನಾಳ ಕೈ ನಿಂತಿತು.

"ತಪ್ಪು" ಎಂದಳು. "ನಿನ್ನ ಪ್ರೊಫೆಸರು ಒಂದು ದಿನವೂ ಕಾನ್ವೆಂಟಿನಲ್ಲಿ ಮಲಗಿದವರಲ್ಲ. ಗಂಟೆ ಆದ ಕೂಡಲೇ ಎಲ್ಲ ಬಾಗಿಲೂ ತೆರೆಯುತ್ತದೆ. ಎಲ್ಲರೂ ಅಂಗಳ ದಾಟಿ ಚಾಪೆಲ್‌ಗೆ ಹೋಗುವುದು. ಹಗ್ಗ ಹಿಡಿದವಳು ನಡು ಅಂಗಳದಲ್ಲಿ. ಆಮೇಲೆ ಹೇಗೆ ಓಡುವುದು? ಹೋಗುವುದಾದರೆ ಗಂಟೆಯ ಮೊದಲೇ ಹೋಗಬೇಕು."

"ಹಾಗಾದ್ರೆ ಗಂಟೆ ಯಾರು ಹೊಡೆದ್ರು?"

"ಬೇರೆ ಯಾರೋ. ಅವಳ ಬದಲಿಗೆ."

ಪ್ರಕೃತಿ ಎಸಳನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು, "ನೀವು ಬಂದಾಗ ಪಾಳಿ ಯಾರದಿತ್ತು?"

"ನನ್ನದೇ. ಆದಿತ್ಯವಾರದಿಂದ ಶನಿವಾರಕ್ಕೆ ಒಬ್ಬೊಬ್ಬರ ಪಾಳಿ. ನಾನು ಬುಧವಾರ ಬಂದದ್ದು."

"ಮತ್ತೆ ಗಂಟೆ?"

"ಆಯಿತು. ನಾಲ್ಕೂವರೆಗೆ ಸರಿಯಾಗಿ. ನಾನು ಬಸ್‌ಸ್ಟ್ಯಾಂಡಿನಲ್ಲಿ ಕೂತು ಕೇಳಿದೆ." ಜುಸ್ತಿನಾ ಬುಟ್ಟಿಯ ಕಡೆ ನೋಡುತ್ತ ಹೇಳಿದಳು. "ಮದರ್ ಹೊಡೆದದ್ದು. ನನ್ನ ಹಾಸಿಗೆ ಖಾಲಿ ನೋಡಿದರು, ಪೀಡೆ ತೊಲಗಿತು ಅಂತ ತಾವೇ ಹಗ್ಗ ಎಳೆದರು. ಒಂದು ದಿನವಾದರೂ ಆ ಮನೆ ನನ್ನನ್ನು ಹುಡುಕಲಿಲ್ಲ. ಅದಕ್ಕೇ ನಾನೂ ಯಾರಿಗೂ ಕಾಗದ ಬರೆಯಲಿಲ್ಲ."

"ಮದರ್ ಅಂತ ಹೇಗೆ ಗೊತ್ತು? ನೀವು ನೋಡಿದ್ರಾ?"

"ಮತ್ತೆ ಯಾರು?"

"ಆಂಟಿ, ಅದನ್ನೇ ನಾನು ಕೇಳ್ತಿರೋದು."

ಜುಸ್ತಿನಾ ಬುಟ್ಟಿ ಎತ್ತಿಕೊಂಡಳು. ಎದ್ದು ಸಾಲಿನ ಹತ್ತಿರ ಹೋಗಿ, ಮಣಿಗಂಟು ನೋಯುತ್ತಿದ್ದರೂ ಒಂದೊಂದೇ ಎಸಳನ್ನು ಬುಡ ಕೆಳಗೆ ಮಾಡಿ ಊರತೊಡಗಿದಳು. ಅರ್ಧ ಸಾಲು ಮುಗಿಯುವಷ್ಟರಲ್ಲಿ ಆ ಗಂಟೆ ಮತ್ತೆ ಕಿವಿಗೆ ಬಂತು. ಮೂರು ಹೊಡೆತ. ಸ್ವಲ್ಪ ಬಿಡುವು. ಮತ್ತೆ ಮೂರು. ಆ ಬಿಡುವನ್ನು ಅವಳು ಅವತ್ತೇ ಗಮನಿಸಿದ್ದಳು. ನಡುವಿನ ಸದ್ದನ್ನು ಗಾಳಿ ಹೊತ್ತುಕೊಂಡು ಹೋಯಿತು ಎಂದುಕೊಂಡಿದ್ದಳು. ಮದರ್ ಎಳೆದರೆ ಹನ್ನೆರಡು ಹೊಡೆತವೂ ಒಂದೇ ಸಮ ಬೀಳಬೇಕು. ಮೂರಕ್ಕೊಮ್ಮೆ ನಿಲ್ಲಿಸುತ್ತಿದ್ದದ್ದು ಒಬ್ಬರೇ. ಚಕ್ಕಡಿಯಿಂದ ಬಿದ್ದು ಬಲ ಹೆಗಲು ಮುರಿದುಕೊಂಡಿದ್ದ ಸಿಸ್ಟರ್ ಸಲೋಮಿ.

ಸಲೋಮಿಯ ನಂಬರು ಅವಳ ಫೋನಿನಲ್ಲಿ ಎರಡು ವರ್ಷದಿಂದ ಇತ್ತು. ಧಾರವಾಡದಲ್ಲಿ ವಯಸ್ಸಾದ ಸಿಸ್ಟರುಗಳ ಮನೆಯಲ್ಲಿದ್ದಾರೆ, ಎಂಬತ್ತೊಂದು, ಮಾತು ಚುರುಕಾಗಿಯೇ ಇದೆ ಎಂದು ಅದೇ ಸಭೆಯಲ್ಲಿ ಸಿಸ್ಟರ್ ಆಗಿರುವ ಒಬ್ಬ ಸಂಬಂಧಿಕಳು ಕಳಿಸಿದ್ದಳು. ಜುಸ್ತಿನಾ ಒಮ್ಮೆಯೂ ಒತ್ತಿರಲಿಲ್ಲ. ತನ್ನನ್ನು ಬೇಡವೆಂದವರ ಜೊತೆ ಏನು ಮಾತು ಎಂದು ಇಷ್ಟು ದಿನ ಇತ್ತು. ಈಗ ಹೆದರಿಕೆ ಬೇರೆಯಾಯಿತು. ತನಗಾಗಿ ಹಗ್ಗ ಎಳೆದವಳಿಗೆ ಏನಾಗಿತ್ತೋ, ಇಪ್ಪತ್ತೆಂಟು ವರ್ಷ ತಾನು ಹೇಗಿದ್ದೀರಿ ಎಂದೂ ಕೇಳಲಿಲ್ಲ.

ಮರುದಿನ ಬುಧವಾರ, ಬೆಳಿಗ್ಗೆ ಎಂಟಕ್ಕೆ, ಚಹಾ ಕುಡಿಯುವ ಮೊದಲೇ ಒತ್ತಿದಳು. ಧಾರವಾಡದಲ್ಲಿ ಸಂಜೆ.

"ಯಾರವಾ?"

"ಸಿಸ್ಟರ್, ನಾನು ಜುಸ್ತಿನಾ."

ಆ ಕಡೆ ಫ್ಯಾನು ಆರಿಸಿದ ಸದ್ದು.

"ಯಾವ ಜುಸ್ತಿನಾ? ಓಡಿ ಹ್ವಾದಾಕಿನೋ, ಸತ್ತಾಕಿನೋ?"

"ಓಡಿದವಳು."

"ಹಂಗಾದ್ರ ಮಾತಾಡು. ಸತ್ತಾಕಿ ಆಗಿದ್ರ ಫೋನ್ ಇಡ್ತಿದ್ದೆ."

ಜುಸ್ತಿನಾಗೆ ನಗು ಬಂತು. "ಸಿಸ್ಟರ್, ಅವತ್ತು ಗಂಟೆ ನೀವು ಹೊಡೆದದ್ದಾ?"

"ಮತ್ತ್ಯಾರು? ಪಾಳಿ ಬಿಟ್ಟು ಹ್ವಾದಿ. ನಾ ನಸಕಿನ್ಯಾಗ ಹಿತ್ತಲಕ ಹೊಂಟಿದ್ದೆ, ನಿನ್ನ ಹಾಸಿಗಿ ಕಂಡೆ. ನಿಲುವಂಗಿ ಇಸ್ತ್ರಿ ಮಾಡಿದಂಗ ಮಡಚಿ ಇಟ್ಟಿದ್ದಿ. ಗಂಟಿ ಆಗ್ಲಿಲ್ಲ ಅಂದ್ರ ಮದರ್ ನಿನ್ನ ಹುಡುಕ್ತಾರ, ತಿಪ್ಪಣ್ಣನ್ನ ಸೈಕಲ್ ಮ್ಯಾಲ ಓಡಸ್ತಾರ. ಬಸ್ ಇರೋದು ಐದಕ್ಕ. ಎಳದೆ ಹಗ್ಗ."

"ನಾನು ಮದರ್ ಅಂದುಕೊಂಡೆ. ನಾನು ಹೋದದ್ದೇ ಒಳ್ಳೆಯದಾಯಿತು ಅಂತ ಅವರೇ ಹೊಡೆದರು ಅಂತ."

"ಇಷ್ಟು ವರ್ಷ ಹಂಗ ತಿಳಕೊಂಡು ಕುಂತಿದ್ದಿ? ಭೇಷ್. ಮದರ್ ಆವತ್ತು ಮಧ್ಯಾಹ್ನ ಊಟ ಬಿಟ್ರು. ಸಂಜೀಕ ನಿನ್ನ ಬಳ್ಳೊಳ್ಳಿ ಮಡಿಗೆ ತಾವ ನೀರು ಹಾಕಿದ್ರು. ಹೆಸರು ಮಾತ್ರ ತಗೀಲಿಲ್ಲ."

ಜುಸ್ತಿನಾ ಕುರ್ಚಿ ಎಳೆದುಕೊಂಡು ಕುಳಿತಳು. "ನಿಮಗೆ ಏನಾದರೂ ತೊಂದರೆ ಆಯಿತಾ?"

"ಗೊತ್ತಾತು ಆಮ್ಯಾಲ. ಬೀದರ ಕಡೆ ಹಾಕಿದ್ರು, ಮೂರು ವರ್ಷ. ಬಾವಿ ನೀರು ಉಪ್ಪು."

"ನನ್ನಿಂದ ಆಯಿತು ಸಿಸ್ಟರ್."

"ಆ ಬಾವಿ ನೀ ತೋಡಿಸಿದ್ದೇನು? ಅಳಬ್ಯಾಡ, ನಿನ್ನ ಫೋನಿಗೆ ನೀರು ಹೋದೀತು. ನಿನ್ನ ಕಡೆ ನನ್ನ ಬಾಕಿ ಬ್ಯಾರೆ ಅದ. ಬುಧವಾರ, ಬೇಸ್ತವಾರ, ಶುಕ್ರವಾರ, ಶನಿವಾರ. ನಿನ್ನ ಪಾಳಿ ನಾಕು ದಿನ ಈ ಹಾಳ ಹೆಗಲ ಇಟಗೊಂಡು ನಾ ಹೊಡದೀನಿ. ಅದನ್ನ ತೀರಸು."

"ಹೇಗೆ ತೀರಿಸುವುದು?"

"ಇಲ್ಲಿ ಗಂಟಿ ಇಲ್ಲ. ಮುದುಕ್ಯಾರು ಮಲಗ್ಲಿ ಅಂತ ತಗದಾರ. ಮಂದಿ ಎಬ್ಬಿಸಿ ಏಳೋ ಸುಖ ಹ್ವಾತು. ನಾಕು ದಿನ ನಾಕೂವರಿಗೆ ಫೋನ್ ಹಚ್ಚಿ ನನ್ನ ಎಬ್ಬಸು."

ಫೋನಿಟ್ಟ ಮೇಲೆ ಜುಸ್ತಿನಾ ಲೆಕ್ಕ ಹಾಕಿದಳು. ಅಲ್ಲಿಯ ನಸುಕು ನಾಲ್ಕೂವರೆ ಎಂದರೆ ಇಲ್ಲಿ ಹಿಂದಿನ ಸಂಜೆ ಏಳು.

ಗುರುವಾರ ಏಳಕ್ಕೆ ಮೊದಲ ಕರೆ. "ಎದ್ದೆ" ಎಂದಷ್ಟೇ ಹೇಳಿ ಸಲೋಮಿ ಪ್ರಾರ್ಥನೆಗೆ ಹೋದರು. ಶುಕ್ರವಾರ ಹ್ಯಾಲೊವೀನ್. ಕರೆ ಮಾಡುವ ಹೊತ್ತಿಗೇ ಬಾಗಿಲ ಗಂಟೆ ಸದ್ದು ಮಾಡತೊಡಗಿತು. ಪ್ರಕೃತಿ ಮಿಠಾಯಿ ಬಟ್ಟಲು ಹಿಡಿದು ಓಡಾಡುತ್ತಿದ್ದಳು.

"ಏನವಾ ಅದು ಗಂಟಿ?"

"ನಮ್ಮ ಬೀದಿಯ ಮಕ್ಕಳು ಸಿಸ್ಟರ್. ದೆವ್ವದ ವೇಷ ಹಾಕಿಕೊಂಡು ಮಿಠಾಯಿಗೆ ಬರುತ್ತವೆ. ಈಗ ಬಂದದ್ದು ಸಿಸ್ಟರ್ ವೇಷ."

"ಆಕಿಗೆ ಎರಡು ಕೊಡು. ನಾಳೆ ಹೊತ್ತಿಗೆ ಓಡಿ ಹೋಗ್ತಾಳ."

ಶನಿವಾರದ ಹೊತ್ತಿಗೆ ಐದು ಸಾಲು ಮುಗಿದಿತ್ತು. ಅವತ್ತು ಪ್ರಕೃತಿ ಫೋನು ಇಸಿದುಕೊಂಡು ಆಗ್ನೆಸ್‌ಳ ಕತೆ ಹೇಳಿದಳು. ಬಿಷಪ್ ಊರೂರಿನ ಇಗರ್ಜಿಯಲ್ಲಿ ಅವಳ ಹೆಸರು ಓದಿಸಿದ್ದು, ಆದರೂ ಅವಳು ಸಿಗದೇ ಹೋದದ್ದು, ಗಂಟೆಯ ವಿಷಯ. ಸಲೋಮಿ ಪೂರ್ತಿ ಕೇಳಿದರು.

"ಒಬ್ಬಾಕಿ ಎಳದಾಳ ಬಿಡವಾ. ಅಷ್ಟು ಮಂದ್ಯಾಗ ಒಬ್ಬಾಕಿ ಇರದ ಏನು?"

"ಪ್ರೂವ್ ಮಾಡಕ್ಕಾಗಲ್ಲ ಸಿಸ್ಟರ್. ಫುಟ್‌ನೋಟಲ್ಲಿ ಏನಂತ ಹಾಕ್ಲಿ?"

"ಯಾರು ಹೊಡದ್ರು ಅಂತ ಬಿಷಪ್ ಕೇಳಲಿಲ್ಲ ಅಂತ ಹಾಕು. ಗಂಡಸರಿಗೆ ಅದು ಹೊಳೆಂಗಿಲ್ಲ."

ಪ್ರಕೃತಿ ಅದನ್ನು ಹಾಗೆಯೇ ಬರೆದುಕೊಂಡಳು.

ಭಾನುವಾರ ಕೊನೆಯ ಸಾಲು. ಎಸಳು ಊರಿ, ಮಣ್ಣು ಎಳೆದು, ಮೇಲೆ ಹುಲ್ಲು ಹೊದಿಸುವಷ್ಟರಲ್ಲಿ ಕತ್ತಲಾಯಿತು. ಇವತ್ತು ಬೇಗ ಕತ್ತಲಾಯಿತಲ್ಲ ಎಂದುಕೊಂಡೇ ಜುಸ್ತಿನಾ ಒಳಗೆ ಬಂದಳು. ಫೋನು ಪ್ರಕೃತಿಯ ಚಾರ್ಜರಿನಲ್ಲಿ ಬೇಸ್‌ಮೆಂಟಿನಲ್ಲಿತ್ತು. ಮೇಲೆ ತರಿಸಿಕೊಂಡು, ಕೈ ತೊಳೆದು, ಸ್ಟೋವ್‌ನ ಗಡಿಯಾರ ನೋಡಿದಳು. ಎಂಟಕ್ಕೆ ಹತ್ತು ನಿಮಿಷ. ನೋಡು, ಏಳು ದಾಟಿಯೇ ಹೋಯಿತು ಎಂದು ಕೂಗಿದಳು.

"ಅಯ್ಯೋ ಆಂಟಿ, ಇವತ್ತು ಟೈಮ್ ಚೇಂಜ್. ಚಳಿಗಾಲಕ್ಕೆ ಎಲ್ಲ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಸ್ಟೋವ್ ಗಡಿಯಾರ ನೀವು ತಿರುಗಿಸಿಲ್ಲ. ಈಗ ಆರೂ ಐವತ್ತು."

ಜುಸ್ತಿನಾ ಕೈ ಒರೆಸಿಕೊಂಡಳು. ಹತ್ತು ನಿಮಿಷ ಕಾದು, ಫೋನಿನಲ್ಲಿ ಸರಿಯಾಗಿ ಏಳಾದಾಗ ಕರೆ ಮಾಡಿದಳು.

"ಯಾಕ ಮಾಡೀದಿ?" ಎಂದರು ಸಲೋಮಿ. ಹಿಂದೆ ತಟ್ಟೆ ಲೋಟದ ಸದ್ದು.

"ಎಬ್ಬಿಸಲಿಕ್ಕೆ ಸಿಸ್ಟರ್. ನಾಲ್ಕನೆಯ ದಿನ."

"ಐದೂವರಿ ಆತು. ಎದ್ದು, ಪ್ರಾರ್ಥನಿ ಮಾಡಿ, ಚಾ ಕುಡದೆ."

ಜುಸ್ತಿನಾ, ಪ್ರಕೃತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಗಡಿಯಾರ ಹಿಂದಕ್ಕೆ ಹೋದದ್ದು ಈ ದೇಶದಲ್ಲಿ ಮಾತ್ರ. ಅಲ್ಲಿಯ ನಾಲ್ಕೂವರೆ ಇವತ್ತಿನಿಂದ ಇಲ್ಲಿ ಆರು.

"ಇಲ್ಲಿ ಗಡಿಯಾರ ಬದಲಾಯಿಸುತ್ತಾರೆ ಸಿಸ್ಟರ್, ಚಳಿಗಾಲಕ್ಕೆ..."

"ಆವತ್ತೂ ಏನಾರ ಒಂದು ಕಾರಣ ಇದ್ದೇ ಇತ್ತು ನಿನಗ. ಇದು ಎಣಿಕಿಗಿಲ್ಲ. ಒಂದು ಉಳೀತು."

"ನಾಳೆ ಮಾಡುತ್ತೇನೆ. ಆರಕ್ಕೆ ಸರಿಯಾಗಿ."

"ನಾಳೆ ಬ್ಯಾಡ." ಸಲೋಮಿ ಕೇಳಿದರು. "ಬಳ್ಳೊಳ್ಳಿ ಊರಿ ಆತೇನು?"

"ಈಗ ಮುಗಿಯಿತು."

"ಅಲ್ಲಿ ಯಾವಾಗ ಕೀಳ್ತಿ?"

"ಜುಲೈ."

"ಜುಲೈದಾಗ ಮಾಡು. ಕಿತ್ತ ದಿನ. ಅಲ್ಲೀತನಕ ಬಾಕಿ ಇರ್ಲಿ, ನಾನೂ ಇರ್ತೀನಿ."

ಫೋನಿಟ್ಟು ಜುಸ್ತಿನಾ ಅಡುಗೆಮನೆಯಲ್ಲಿ ನಿಂತಳು. ಪ್ರಕೃತಿ ಸ್ಟೋವ್ ಹತ್ತಿರ ಹೋಗಿ ಗಡಿಯಾರದ ಗುಂಡಿಗೆ ಕೈ ಹಾಕಿದಳು.

"ಬಿಡು ಅದನ್ನು" ಎಂದಳು ಜುಸ್ತಿನಾ. "ಬೇಸಿಗೆಗೆ ಗಡಿಯಾರ ಮತ್ತೆ ಮುಂದಕ್ಕೆ ಹೋಗುತ್ತದಲ್ಲ, ಜುಲೈಗೆ ಅದೇ ಸರಿಯಾಗುತ್ತದೆ."

ಆಮೇಲೆ ಅಡುಗೆಗೆಂದು ತೆಗೆದಿಟ್ಟಿದ್ದ ಸಣ್ಣ ಎಸಳುಗಳನ್ನು ಮುಂದೆಳೆದುಕೊಂಡು ಸುಲಿಯುವುದಕ್ಕೆ ಕುಳಿತಳು.