ಹಟ್ಟಿಗೆಲ್ಲ ಒಂದೇ ಕೈ ಸಾಲದು

ಕುರಿಗೆ ಮೇವನ್ನು ಎಲ್ಲಿಂದಾದರೂ ತರಬಹುದು. ನೀರನ್ನು ಮಾತ್ರ ಹೊತ್ತು ತಂದು ಪೂರೈಸಲಾಗದು. ಬಾಗೂರಿನ ಆಚೆಗೊಂದು ಹಟ್ಟಿ. ಅಲ್ಲಿನ ಕುರಿಗಳೆಲ್ಲ ಕೆರೆಗೆ ಇಳಿಯುವುದು ಒಂದೇ ಓಣಿಯಲ್ಲಿ. ಹೋದ ವರ್ಷ ಆ ಓಣಿಯ ಬಾಯಿಗೆ ಯಾರೋ ಬಂದು ಸುಣ್ಣದ ಗೆರೆ ಎಳೆದು ಹೋದರು. ಪಂಚಾಯಿತಿಯವರು ಸಂತೆಗೆ ಮಳಿಗೆ ಕಟ್ಟುತ್ತಾರಂತೆ, ಸುತ್ತ ಕಾಂಪೌಂಡೂ ಬರುತ್ತದಂತೆ. ಓಣಿ ಮುಚ್ಚಿದರೆ ಮಂದೆಯನ್ನು ಲಾರಿ ಓಡಾಡುವ ಡಾಂಬರು ರಸ್ತೆಯಲ್ಲೇ ಸುತ್ತಿಸಿ ನೀರಿಗೆ ಹೊಡೆಯಬೇಕು. ಹಟ್ಟಿಯ ಯಜಮಾನ ನಿಂಗಪ್ಪನಿಗೆ ಊಟ ಸೇರದಾಯಿತು.

ಹಾಗಂತ ಮಳಿಗೆ ಬೇಡ ಅನ್ನುವವರು ಹಟ್ಟಿಯಲ್ಲಿ ಒಬ್ಬರೂ ಇರಲಿಲ್ಲ. ಉರಿಬಿಸಿಲಲ್ಲಿ ಸೊಪ್ಪು ಹರಡಿಕೊಂಡು ಕೂರುವವರಿಗೆ ತಲೆ ಮೇಲೊಂದು ಸೂರು ಬೇಡವಾಗುತ್ತದೆಯೇ, ನೀವೇ ಹೇಳಿ. ಮಳಿಗೆಯೂ ಆಗಬೇಕು, ಓಣಿಯೂ ಉಳಿಯಬೇಕು, ಅಷ್ಟೇ.

ಆ ಹಟ್ಟಿಯಲ್ಲೊಂದು ಪದ್ಧತಿ. ಏನೇ ವಿಷಯವಿರಲಿ, ಗಂಡಸರು ಕಟ್ಟೆಯ ಮೇಲೆ ಕೂತು ತೀರ್ಮಾನಿಸುತ್ತಾರೆ. ಆಮೇಲೆ ಯಜಮಾನ ಒಬ್ಬನೇ ಹೋಗಿ ಹೇಳಿ ಬರುತ್ತಾನೆ. ಅವನ ಮಾತೇ ಹಟ್ಟಿಯ ಮಾತು. ಮಳಿಗೆಯ ಮಾತಿಗೆ ಕರೆದ ಗ್ರಾಮಸಭೆಗೂ ಅದೇ ಲೆಕ್ಕ ಹಾಕಿದರು. ನಿಂಗಪ್ಪ ಕಂಬಳಿ ಹೆಗಲಿಗೇರಿಸಿಕೊಂಡು ಒಬ್ಬನೇ ಹೋದ, ಓಣಿ ಮುಚ್ಚಬೇಡಿ ಎಂದ. ಅಲ್ಲಿದ್ದ ಸಂತೆ ಬೀದಿಯವರು ನಾಲ್ಕೈದು ಜನ, ಮಳಿಗೆ ಅಲ್ಲೇ ಆಗಲಿ ಎಂದು ಕೈ ಎತ್ತಿದರು. ಓಣಿಯ ಪರ ಎದ್ದದ್ದು ನಿಂಗಪ್ಪನ ಒಂದೇ ಕೈ. ಸಿಟ್ಟಿನಲ್ಲಿ ಎದ್ದು ಮನೆಗೆ ಬಂದವನು ಹೆಂಡತಿ ಜುಂಜಮ್ಮನ ಮುಂದೆ, ಎಲ್ಲ ಮುಗೀತು ಅಂದುಬಿಟ್ಟ.

ಸಂಜೆ ಕೀರ್ತನಾ ಬಂದಳು. ಪಕ್ಕದ ಮನೆಯ ಸೊಸೆ, ಪಂಚಾಯಿತಿ ಸದಸ್ಯೆ. ಅವಳು ಗೆದ್ದಾಗ, ಸಹಿ ಹಾಕೋಕೆ ಒಬ್ಬಳು ಬೇಕಲ್ಲ ಎಂದು ನಕ್ಕಿದ್ದವನು ಇದೇ ನಿಂಗಪ್ಪ.

"ಏನೂ ಮುಗ್ದಿಲ್ಲ ಮಾವ," ಅಂದಳು ಕೀರ್ತನಾ. "ಸಭೆಗೆ ಇಷ್ಟು ಜನ ಸೇರ್ಬೇಕು ಅಂತ ಕಾನೂನು ಐತೆ. ಅದ್ರಾಗೆ ಹೆಂಗಸ್ರೂ ಇರ್ಬೇಕು. ಇವತ್ತು ಸೇರ್ಲಿಲ್ಲ ಅಂತ ಮುಂದಕ್ಕೆ ಹಾಕಿದ್ರು. ಅಷ್ಟೊತ್ತಿಗೆ ನೀವು ಎದ್ದು ಬಂದಿದ್ರಿ."

ಒಲೆಯ ಮುಂದಿದ್ದ ಜುಂಜಮ್ಮ ಉಸ್ಸಪ್ಪ ಎಂದು ನಿಟ್ಟುಸಿರು ಬಿಟ್ಟಳು. ನಿಂಗಪ್ಪನಿಗೆ ಮಾತ್ರ ನಂಬಿಕೆ ಬರಲಿಲ್ಲ.

"ಸಭೆ ಗಿಬೆ ಅಂತ ಕುಂತ್ರೆ ಊರು ಉದ್ಧಾರ ಆಗಲ್ಲ ಕಣವ್ವ. ಒಬ್ರು ಹೇಳ್ಬೇಕು, ಉಳಿದೋರು ಕೇಳ್ಬೇಕು. ಆಗ್ಲೇ ಕೆಲ್ಸ ಆಗೋದು."

"ಮಳಿಗೆ ವಿಚಾರದಾಗೂ ಹಂಗೇ ಆಗಿದ್ದು ಮಾವ. ಯಾರೋ ಒಬ್ರು ಹೇಳಿದ್ರು, ಉಳಿದೋರು ಕೇಳಿದ್ರು. ನಮ್ ಓಣಿ ಬಾಯಿಗೆ ಸುಣ್ಣ ಬಿತ್ತು."

ಕೀರ್ತನಾ ಅಷ್ಟಕ್ಕೇ ಬಿಡಲಿಲ್ಲ. ಕಟ್ಟೆಯ ಮೇಲೆ ಯಜಮಾನನ ಮಾತು ಹಟ್ಟಿಯ ಮಾತಾಗಬಹುದು, ಗ್ರಾಮಸಭೆಯಲ್ಲಿ ಒಬ್ಬರಿಗೆ ಒಂದೇ ಕೈ, ಅಧ್ಯಕ್ಷರಿಗೂ ಅಷ್ಟೇ, ಕುರಿ ಕಾಯುವವನಿಗೂ ಅಷ್ಟೇ ಎಂದು ಬಿಡಿಸಿ ಹೇಳಿದಳು. ಮಳಿಗೆ ನಮ್ಮೆಲ್ಲರ ದುಡ್ಡಿನದು, ಅದು ಎಲ್ಲಿ ಏಳಬೇಕು ಎಂದು ಹೇಳುವ ಹಕ್ಕೂ ಎಲ್ಲರದು ಅಂದಳು. ಹಟ್ಟಿಯ ಹೆಂಗಸರೂ ಬರಬೇಕು ಅಂದಾಗ ನಿಂಗಪ್ಪ ಕಸಿವಿಸಿಗೊಂಡ. ಹೆಂಗಸರನ್ನು ಕಟ್ಟೆಯ ಹತ್ತಿರವೂ ಸುಳಿಯಗೊಡದ ಹಟ್ಟಿ ಅದು.

"ಕುರಿಗೆ ನೀರು ಕುಡ್ಸಾಕೆ ನಾನು ಬೇಕು," ಅಂದಳು ಜುಂಜಮ್ಮ, "ನೀರಿನ ಮಾತಾಡಾಕೆ ಬ್ಯಾಡ್ವಾ?"

ಮರುದಿನ ನಿಂಗಪ್ಪನೇ ಮನೆಮನೆಗೆ ಹೋಗಿ, ಹೆಂಗಸರೂ ಹೊರಡಲಿ ಎಂದು ಹೇಳಿ ಬಂದ. ಮುಂದಿನ ಸಭೆಗೆ ಇಡೀ ಹಟ್ಟಿಯೇ ಹೊರಟಿತು.

ಜುಂಜಮ್ಮ ಎದ್ದು ನಿಂತು ಓಣಿಯ ಕಷ್ಟ ಹೇಳಿದಳು. ಬಸ್ಸು ನಿಲ್ಲುವ ಕಡೆ ಪಂಚಾಯಿತಿಯದೇ ಜಾಗ ಖಾಲಿ ಬಿದ್ದಿದೆ, ಮಳಿಗೆ ಅಲ್ಲಿ ಕಟ್ಟಬಾರದೇ ಎಂದು ಕೇಳಿದಳು. ಬಂದಿದ್ದ ಎಂಜಿನಿಯರು ಜಾಗ ಸಾಲುತ್ತದೆ ಎಂದರು. ಸಂತೆ ಬೀದಿಯವರು ಗೊಣಗಿದರು. ಆಗ ಅವರೊಳಗಿನವನೇ ಆದ ಬಟ್ಟೆ ವ್ಯಾಪಾರಿ ಅನೀಸ್ ಎದ್ದ. ಹೋದ ಸಲ ನಾನೂ ಓಣಿಯ ಹತ್ತಿರವೇ ಆಗಲಿ ಅಂದವನು, ಆದರೆ ಬಸ್ಸಿಳಿದವರ ಎದುರಿಗೇ ಅಂಗಡಿ ಇದ್ದರೆ ಗಿರಾಕಿ ಹೆಚ್ಚು, ಈ ಮಾತು ಅವತ್ತು ಯಾರೂ ಎತ್ತಿರಲಿಲ್ಲ ಎಂದ.

ಮಳಿಗೆ ಬಸ್ಸು ನಿಲ್ಲುವ ಕಡೆಯೇ ಆಗಲಿ ಅನ್ನುವವರು ಕೈ ಎತ್ತುವ ಹೊತ್ತು ಬಂತು. ಹಟ್ಟಿಯವರೆಲ್ಲ ಅಭ್ಯಾಸಬಲದಿಂದ ಯಜಮಾನನ ಮುಖವನ್ನೇ ನೋಡುತ್ತ ಕೂತರು. ಅವರದು ಒಂದು ಕೈಯೂ ಏಳಲಿಲ್ಲ.

ನಿಂಗಪ್ಪ ಎದ್ದು ನಿಂತ. "ನನ್ ಮಕ ಯಾಕ್ ನೋಡ್ತೀರ? ಇಲ್ಲಿ ನಂದೂ ಒಂದೇ ಕೈ. ನಿಮ್ ಕೈ ನಿಮ್ಮವು. ನಿಮ್ಗೆ ಸರಿ ಕಂಡಂಗೆ ಎತ್ರಿ."

ಮೊದಲು ಎದ್ದದ್ದು ಜುಂಜಮ್ಮನ ಕೈ. ಹಿಂದೆಯೇ ಅತ್ತೆಯರದು, ಸೊಸೆಯರದು, ಕುರುಚಲು ಗಡ್ಡದ ಹುಡುಗರದು. ಸಂತೆ ಬೀದಿಯ ಕಡೆಯಿಂದಲೂ ಎಷ್ಟೋ ಕೈಗಳು ಎದ್ದವು. ನಿಂಗಪ್ಪ ಸುತ್ತ ಒಮ್ಮೆ ಕಣ್ಣಾಡಿಸಿ, ಎಲ್ಲರಿಗಿಂತ ಕೊನೆಗೆ ತನ್ನದನ್ನೂ ಎತ್ತಿದ. ಅವನ ಮನಸ್ಸು ಅಳು ಬರುವಷ್ಟು ಹಗುರವಾಗಿತ್ತು. ಆ ರಾತ್ರಿ ಎರಡು ಮುದ್ದೆ ಉಂಡನಂತೆ.

ಈಗ ಬಸ್ಸು ನಿಲ್ಲುವ ಕಡೆ ಮಳಿಗೆ ಎದ್ದಿದೆ, ಅನೀಸನ ವ್ಯಾಪಾರ ಚೆನ್ನಾಗಿದೆ. ಕುರಿಗಳು ತಮ್ಮ ಪಾಡಿಗೆ ತಾವು ಓಣಿ ಇಳಿದು ನೀರು ಕುಡಿದು ಬರುತ್ತವೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿಗೂ ರಸ್ತೆ ಬರುತ್ತದೆ, ಚರಂಡಿ ಬರುತ್ತದೆ. ಬರಲಿ, ಬರಲೇಬೇಕು. ಆದರೆ ಅದು ಯಾರ ಬಾಗಿಲಿಗೆ ಬರಬೇಕು, ಯಾರ ದಾರಿ ಮುಚ್ಚಬಾರದು ಅನ್ನುವುದನ್ನು ನೀವು ಹೇಳದೆ ಪಂಚಾಯಿತಿಯವರಿಗೆ ತಿಳಿಯುವುದು ಹೇಗೆ? ಐದು ವರ್ಷಕ್ಕೊಮ್ಮೆ ವೋಟು ಹಾಕಿ ಬಂದರೆ ಅರ್ಧ ಕೆಲಸವಾಯಿತು. ಉಳಿದರ್ಧ ಗ್ರಾಮಸಭೆಯಲ್ಲಿದೆ. ಸಭೆಯ ಸುದ್ದಿ ಕೇಳಿದ ದಿನ, ಮನೆಯ ಯಜಮಾನರು ಹೋಗಿದ್ದಾರಲ್ಲ ಎಂದು ಕೂರಬೇಡಿ. ಬಾಗಿಲಿಗೆ ಬೀಗ ಹಾಕಿ ಎಲ್ಲರೂ ಹೊರಡಿ. ನಿಮ್ಮ ಬದಲು ಇನ್ನೊಬ್ಬರು ಎತ್ತುವ ಕೈ ಅಲ್ಲಿ ನಡೆಯುವುದಿಲ್ಲ.