ಕೋವಿ ಒರಗಿಸಿ ಕಾಫಿ ಕುಡಿದವರು

ನಾನು ಕೋವಿಯಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕೋವಿ ಒರಗಿಸುವ ಸ್ಟ್ಯಾಂಡು. ಜೀವಮಾನವಿಡೀ ನನ್ನ ಮುಂದೆ ನಿಂತವರು ನನ್ನ ಮೇಲಿದ್ದದ್ದನ್ನು ನೋಡಿದರೇ ಹೊರತು ನನ್ನನ್ನು ನೋಡಲಿಲ್ಲ. ನೋಡಿದ್ದು ಒಂದೇ ಸಲ. ಆಗ ಕೈಯಲ್ಲಿ ಗರಗಸವಿತ್ತು.

ನಾನು ಹುಟ್ಟಿದ್ದು ದಕ್ಷಿಣ ಕೊಡಗಿನ ಒಂದು ಊರಿನಲ್ಲಿ, ಗಾಳಿಗೆ ಬಿದ್ದ ಹಲಸಿನ ಮರದಿಂದ. ಮಾಡಿಸಿದವರು ಆಗಿನ್ನೂ ಹುಡುಗನಾಗಿದ್ದ ಪೂಣಚ್ಚನ ಅಜ್ಜ. ಮಾಡಿದವನು ಗೋವಿಂದ ಆಚಾರಿ. ಕೋವಿಯ ಹಿಡಿ ಊರಲು ಕೆಳಗೊಂದು ಹಲಗೆ, ನಳಿಗೆ ಕೂರಲು ಮೇಲಿನ ಪಟ್ಟಿಯಲ್ಲಿ ಸಾಲಾಗಿ ಗುಳಿಗಳು, ಎರಡು ಬದಿಗೂ ಎತ್ತರದ ಹಲಗೆ. ಮುಗಿಸಿದ ಮೇಲೆ ಆಚಾರಿ ನನ್ನ ಬೆನ್ನಿಗೆ ಮನೆಯ ಹೆಸರನ್ನು ಉಳಿಯಿಂದ ಕೊರೆದ. ಅದು ಮುಂದೆ ಕೆಲಸಕ್ಕೆ ಬಂತು.

ಊರಿನ ಕೋವಿ ಸಂಘ ಮೈದಾನದ ಪಕ್ಕ ಕಟ್ಟಡ ಕಟ್ಟಿದಾಗ ನನ್ನನ್ನು ಅಲ್ಲಿಯ ಜಗಲಿಗೆ ತಂದಿಟ್ಟರು. ನಾಟಿಯ ಕಾಲದಲ್ಲಿ ಕೋವಿಗಳು ದೇವರ ಕೋಣೆ ಸೇರುತ್ತಿದ್ದವು. ನಾಟಿ ಮುಗಿದು ಕೈಲ್ ಮುಹೂರ್ತದ ಹಬ್ಬ ಬಂದಾಗ, ಪೂಜೆ ಮಾಡಿಸಿಕೊಂಡು, ನಳಿಗೆಗೆ ಕೋವಿ ಹೂ ಸಿಕ್ಕಿಸಿಕೊಂಡು ಹೊರಗೆ ಬರುತ್ತಿದ್ದವು. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹೊಡೆದವರು ಜಗಲಿಗೆ ಬಂದು ನನ್ನ ಮೇಲೆ ಕೋವಿ ಒರಗಿಸಿ ಕಾಫಿ ಕುಡಿಯುತ್ತಿದ್ದರು.

ಒರಗಿಸುವ ಮುಂಚೆ ಒಂದು ಕೆಲಸವಿತ್ತು. ಕೋವಿಯನ್ನು ನಡುವೆ ಮಡಚಿ, ನಳಿಗೆಯನ್ನು ಆಕಾಶಕ್ಕೆ ಹಿಡಿದು, ಒಳಗಿನಿಂದ ಬೆಳಕು ಕಾಣುತ್ತದೆಯೇ ಎಂದು ನೋಡಬೇಕು.

"ಬೆಳಕು ಕಂಡ್ತಾ?" ಎಂದು ಹಿರಿಯರು ಯಾರಾದರೂ ಕೇಳುತ್ತಿದ್ದರು.

"ಕಂಡ್ತು."

ಅಷ್ಟೇ. ಇದನ್ನು ಯಾರೂ ನಿಯಮ ಎಂದು ಬರೆದಿರಲಿಲ್ಲ. ಬರೆಯದ ಕಾರಣಕ್ಕೋ ಏನೋ ಎಲ್ಲರೂ ಪಾಲಿಸುತ್ತಿದ್ದರು.

ಅಜ್ಜ ಹೋದರು. ಪೂಣಚ್ಚ ಬೆಳೆದು ಸಂಘದ ಸದಸ್ಯನಾದ. ದೇಚಮ್ಮನನ್ನು ಮದುವೆಯಾದ. ಅವಳ ಗುರಿ ಅವನಿಗಿಂತ ಚೆನ್ನಾಗಿತ್ತು. ಕಾಯಿ ಒಡೆದು ಬಂದು ತನ್ನ ಒಂಟಿ ನಳಿಗೆಯ ಕೋವಿಯನ್ನು ಅವನ ಕೋವಿಯ ಪಕ್ಕದ ಗುಳಿಗೆ ಒರಗಿಸಿ, "ನಿಮ್ಮದು ಒರಗಿಸುವುದಕ್ಕೆ ಮಾತ್ರ ತಂದದ್ದಾ?" ಎಂದು ಕೇಳುತ್ತಿದ್ದಳು. ಅವನು ನಗುತ್ತಿದ್ದ.

ಒಂದು ಹಬ್ಬಕ್ಕೆ ಪೂಣಚ್ಚನ ಗೆಳೆಯ ಕುಶಾಲಪ್ಪ ಒಂದು ಕಪ್ಪು ಕೋವಿ ತಂದ. ಅದರಲ್ಲಿ ಮರವೇ ಇಲ್ಲ, ಎಲ್ಲ ಪ್ಲಾಸ್ಟಿಕ್ಕು ಮತ್ತು ಕಬ್ಬಿಣ. ಹೊಟ್ಟೆಯಿಂದ ಮ್ಯಾಗಜೀನ್ ಇಳಿಬಿದ್ದಿತ್ತು. ಟ್ರಿಗರಿನ ಹಿಂದೆ ಪಿಸ್ತೂಲಿನಂಥ ಹಿಡಿ. ಗಡಿಯಲ್ಲಿ ನಿಂತ ಸೈನಿಕನ ಕೈಯಿಂದ ಈಗಷ್ಟೇ ಕಿತ್ತು ತಂದ ಹಾಗಿತ್ತು. ಸಂಘದ ಅಧ್ಯಕ್ಷರು ನಿವೃತ್ತ ಸುಬೇದಾರ್ ಮೊಣ್ಣಪ್ಪ. ಅವರು ಅದನ್ನು ನೋಡಿ ಕಾಫಿ ಲೋಟ ಕೆಳಗಿಟ್ಟರು.

"ಇದೆಂತ ಕುಶಾಲ? ಯುದ್ಧ ಉಂಟಾ?"

"ಬರೀ ಪಾಯಿಂಟ್ ಟೂ ಟೂ ಮಾವ, ಸಣ್ಣ ಗುಂಡಿನದ್ದು. ಬಟ್ಟೆ ಮಾತ್ರ ಮಿಲಿಟರಿದು."

"ನಾನು ಆ ಬಟ್ಟೆ ಹಾಕಿ ಇಪ್ಪತ್ತೆಂಟು ವರ್ಷ ದುಡಿದಿದ್ದೇನೆ. ಹಬ್ಬಕ್ಕೆ ಹಾಕಿಕೊಂಡು ಬರ್ಲಿಲ್ಲ."

"ನಿಮ್ಮ ಜೀಪು? ಅದೂ ಮಿಲಿಟರಿ ಹರಾಜಿನದ್ದೇ ಅಲ್ವಾ?"

ಎಲ್ಲರೂ ನಕ್ಕರು. ಚರ್ಚೆ ಶುರುವಾದದ್ದು ಹಾಗೆ. ಅದು ಇನ್ನೂ ಮುಗಿದಿಲ್ಲ.

ನನ್ನ ಕಷ್ಟವನ್ನು ಯಾರೂ ಕೇಳಲಿಲ್ಲ. ಅದು ನನ್ನ ಮೇಲೆ ಕೂರುತ್ತಿರಲಿಲ್ಲ. ಗುಳಿಯೊಳಗೆ ಅದರ ನಳಿಗೆ ಹಿಡಿಯುತ್ತಿರಲಿಲ್ಲ. ಪಿಸ್ತೂಲು ಹಿಡಿ ಪಕ್ಕದ ಕೋವಿಗೆ ತಾಗುತ್ತಿತ್ತು. ಅದನ್ನು ಮಡಚಲೂ ಬರುವುದಿಲ್ಲ. ಬೆಳಕು ನೋಡುವುದೆಲ್ಲಿಂದ? ಕುಶಾಲಪ್ಪ ಮ್ಯಾಗಜೀನ್ ಕಿತ್ತು ಎಲ್ಲರಿಗೂ ತೋರಿಸಿ, "ಖಾಲಿ" ಎನ್ನುತ್ತಿದ್ದ. ಮಡಚಿದ ಕೋವಿಯನ್ನು ನೋಡಿ ಅಭ್ಯಾಸವಾದ ಕಣ್ಣುಗಳು ಅದನ್ನು ಒಪ್ಪಿಕೊಂಡವು. ಮ್ಯಾಗಜೀನ್ ಕಿತ್ತ ಮೇಲೂ ನಳಿಗೆಯಲ್ಲಿ ಒಂದು ಗುಂಡು ಉಳಿಯಬಹುದು ಎಂದು ಸುಬೇದಾರರಿಗೆ ಗೊತ್ತಿರಲೇಬೇಕು. ಅವರು ಆಗ ಸಂಸ್ಕೃತಿಯ ಬಗ್ಗೆ ಮಾತಾಡುತ್ತಿದ್ದರು.

ಮುಂದಿನ ಹಬ್ಬದಲ್ಲಿ ಆ ಕೋವಿ ನನ್ನ ಮೇಲಿಂದ ಜಾರಿತು. ಬೀಳುತ್ತಿದ್ದುದನ್ನು ಕುಶಾಲಪ್ಪ ಹಿಡಿಯಹೋದ. ಬೆರಳು ಎಲ್ಲಿ ಸಿಕ್ಕಿತೋ. ಗುಂಡು ನನ್ನ ಬಲಬದಿಯ ಹಲಗೆಯನ್ನು ತೂರಿ ಹೋಯಿತು. ಆಚೆ ಪೂಣಚ್ಚ ಕಾಫಿ ಲೋಟ ಹಿಡಿದು ನಿಂತಿದ್ದ.

ಆ ಜಾಗದಲ್ಲಿ ನಾನು ಒಂದು ಇಂಚು ದಪ್ಪ. ಸಾಲಲಿಲ್ಲ.

ಸಾವನ್ನು ಊರಿಗೆ ಸಾರಲು ಜೋಡಿ ಗುಂಡು ಹಾರಿಸುವುದು ಇಲ್ಲಿಯ ಪದ್ಧತಿ. ಅವನಿಗೂ ಹಾರಿಸಬೇಕಲ್ಲ. ಯಾವ ಕೋವಿಯಿಂದ ಎಂದು ಅಂಗಳದಲ್ಲಿ ನಿಂತು ಚರ್ಚೆ ಮಾಡಿದರಂತೆ. ಅವನ ಕೋವಿಯೇ ಆಗಬೇಕು ಎಂದು ಕೆಲವರು, ಆಗಬಾರದು ಎಂದು ಕೆಲವರು. ಕೊನೆಗೆ ದೇಚಮ್ಮ ಒಳಗಿನಿಂದ ತನ್ನ ಒಂಟಿ ನಳಿಗೆ ತಂದು ಕೊಟ್ಟಳಂತೆ. ಅದಕ್ಕೆ ಎರಡು ಸಲ ಗುಂಡು ತುಂಬಿ ಹಾರಿಸಿದರಂತೆ. ಇದೆಲ್ಲ ಆಮೇಲೆ ಜಗಲಿಯಲ್ಲಿ ಕೇಳಿದ್ದು.

ಪೊಲೀಸರು ಕಪ್ಪು ಕೋವಿಯನ್ನು ಒಯ್ದರು. ಕೇಸು ನಡೆಯುತ್ತಿದೆ. ಮುಂದಿನ ವರ್ಷ ಬೇರೆಯವರ ಹೆಗಲ ಮೇಲೆ ಅಂಥವೇ ಇನ್ನೂ ಎರಡು ಬಂದವು.

ಗಂಡನ ಸದಸ್ಯತ್ವ ದೇಚಮ್ಮನಿಗೆ ಬಂತು. ಮೊದಲ ಸಭೆಯಲ್ಲೇ ಅವಳು ಎದ್ದು ಒಂದು ಮಾತು ಕೇಳಿದಳು. "ಕೋವಿ ಮೈದಾನದಲ್ಲೇ ಇರಲಿ. ಕಾಫಿ ಕುಡಿಯುವ ಜಗಲಿಗೆ, ಮಕ್ಕಳು ಓಡಾಡುವ ಕಡೆಗೆ ತರುವುದು ಬೇಡ. ಇದೊಂದು ನಿಯಮ ಮಾಡಿ."

ಒಂದು ನಿಮಿಷ ಮೌನ ಆಚರಿಸಿದರು. ಆಮೇಲೆ ಚರ್ಚೆ ಮಾಡಿದರು. ಅವಳು ಕೇಳಿದ್ದರ ಬಗ್ಗೆ ಅಲ್ಲ.

"ಈ ಮಿಲಿಟರಿ ನಮೂನೆಯನ್ನು ನಾವೇ ನಿಷೇಧ ಮಾಡಬೇಕು," ಎಂದರು ಸುಬೇದಾರರು. "ಇಲ್ಲದಿದ್ದರೆ ಸರ್ಕಾರ ಎಲ್ಲರದ್ದೂ ಕಿತ್ತುಕೊಳ್ತದೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕು ನಮಗೆ ಸುಮ್ಮನೆ ಸಿಕ್ಕಿದ್ದಾ? ಬೇಕಾದರೆ ದೇಚಮ್ಮನನ್ನೇ ಕೇಳಿ."

"ಇವತ್ತು ಕಪ್ಪು ಕೋವಿ ಬಿಟ್ಟುಕೊಟ್ಟರೆ ನಾಳೆ ನಿಮ್ಮ ಜೋಡಿ ನಳಿಗೆ ಕೇಳ್ತಾರೆ ಮಾವ," ಎಂದ ಕುಶಾಲಪ್ಪ. ಅವನ ಮುಖ ಇಳಿದುಹೋಗಿತ್ತು, ವಾದ ಮಾತ್ರ ಇಳಿದಿರಲಿಲ್ಲ. "ತಪ್ಪು ನಂದು. ಕೋವಿದಲ್ಲ. ದೇಚಮ್ಮನನ್ನೇ ಕೇಳಿ."

ಇಬ್ಬರೂ ಕೇಳಿ ಎಂದರು. ಯಾರೂ ಕೇಳಲಿಲ್ಲ.

ಕಪ್ಪು ಕೋವಿಯದ್ದು ತಪ್ಪೇನೂ ಇಲ್ಲ ಎಂದು ನಾನು ಹೇಳುವುದಿಲ್ಲ. ಅದರ ಒಳಗು ಹೊರಗೆ ಕಾಣುವುದಿಲ್ಲ. ಅದನ್ನು ಹೆಗಲಿಗೆ ಹಾಕಿದ ಕೂಡಲೇ ಹುಡುಗರ ನಡಿಗೆ ಬದಲಾಗುತ್ತದೆ, ಫೋಟೋ ತೆಗೆಸಿಕೊಳ್ಳುವಾಗ ಗಲ್ಲ ಮೇಲೇರುತ್ತದೆ. ಸುಬೇದಾರರ ಭಯ ಸುಳ್ಳಲ್ಲ. ಆದರೆ ನಿಷೇಧಿಸಿ ಎಂದವರೂ ಬೇಡ ಎಂದವರೂ ಮಾತು ಮುಗಿದ ಮೇಲೆ ತಮ್ಮ ತಮ್ಮ ಕೋವಿಗಳನ್ನು ತಂದು ನನ್ನ ಮೇಲೇ ಒರಗಿಸುತ್ತಿದ್ದರಲ್ಲ, ಅದಕ್ಕೇನು ಹೇಳಲಿ? ಬೆಳಕು ಕಂಡಿತೇ ಎಂದು ಕೇಳುವವರೂ ಇರಲಿಲ್ಲ. ಕೇಳಿದರೆ, ನನ್ನನ್ನು ನಂಬುವುದಿಲ್ಲವೇ ಎಂದು ಸಿಟ್ಟು ಮಾಡುವ ಕಾಲ ಬಂದಿತ್ತು. ಕೇಳಿ ಕೇಳಿ ನನಗೆ ಕಿವಿಯಿರುವುದೇ ಒಂದು ಶಿಕ್ಷೆ ಅನ್ನಿಸಿತು.

ವರ್ಷ ವರ್ಷವೂ ದೇಚಮ್ಮ ಅದೇ ಮಾತು ಕೇಳಿದಳು. ವರ್ಷ ವರ್ಷವೂ ಅದನ್ನು ಮುಂದಿನ ಸಭೆಗೆ ಇಟ್ಟರು.

ಕಳೆದ ಸಭೆಯಲ್ಲಿ ಯಾರೋ ಒಬ್ಬ ಹಿಂದಿನ ಬೆಂಚಿನಿಂದ ಹೇಳಿದ. "ಆವತ್ತು ಜಾರಿದ್ದು ಎಂತಕ್ಕೆ? ಸ್ಟ್ಯಾಂಡಿನ ಗುಳಿ ಸರಿಯಿಲ್ಲದ್ದಕ್ಕೆ. ಸ್ವಲ್ಪ ಕುಯ್ದು ಅಗಲ ಮಾಡಿದರೆ ಹೊಸ ಕೋವಿಗಳೂ ಕೂರ್ತವೆ."

ಒಮ್ಮೆಲೇ ಎಲ್ಲರ ಮುಖ ಅರಳಿತು. ಸುಬೇದಾರರು ತಲೆಯಾಡಿಸಿದರು. ಕುಶಾಲಪ್ಪ ತಲೆಯಾಡಿಸಿದ. ಇಷ್ಟು ವರ್ಷದಲ್ಲಿ ಸಂಘ ಒಮ್ಮತದಿಂದ ಮಾಡಿದ ತೀರ್ಮಾನ ಅದೊಂದೇ: ತಪ್ಪು ನನ್ನದು. ಒಬ್ಬ ಆಗಲೇ ಒಳಗೆ ಹೋಗಿ ಗರಗಸ ತಂದ. ಎಲ್ಲರೂ ನನ್ನನ್ನು ನೋಡಿದರು.

ದೇಚಮ್ಮ ಎದ್ದು ಬಂದು ನನ್ನ ಮುಂದೆ ನಿಂತಳು. ನನ್ನ ಮೇಲಿದ್ದ ಕೋವಿಗಳನ್ನು ಒಂದೊಂದಾಗಿ ತೆಗೆದು, ಪ್ರತಿಯೊಂದನ್ನೂ ಖಾಲಿಯಿದೆಯೇ ಎಂದು ನೋಡಿ, ಅವರವರ ಕೈಗೆ ಕೊಟ್ಟಳು.

"ಎಂತ ಮಾಡ್ತಿದ್ದಿ ಮಗಳೇ?" ಎಂದರು ಸುಬೇದಾರರು.

"ಸ್ಟ್ಯಾಂಡು ಮನೆಗೆ ತಗೊಂಡು ಹೋಗ್ತೇನೆ."

"ಅದು ಸಂಘಕ್ಕೆ ಕೊಟ್ಟದ್ದು."

"ಕೊಟ್ಟದ್ದಲ್ಲ ಮಾವ, ಇಟ್ಟದ್ದು. ಹಿಂದೆ ತಿರುಗಿಸಿ ನೋಡಿ, ಮನೆ ಹೆಸರು ಉಂಟು."

ತಿರುಗಿಸಿ ನೋಡಿದರು. ಹೆಸರು ಇತ್ತು.

"ಮತ್ತೆ ನಾವು ಕೋವಿ ಎಲ್ಲಿಡುವುದು?"

"ಕೈಯಲ್ಲೇ ಹಿಡ್ಕೊಳ್ಳಿ," ಎಂದಳು ದೇಚಮ್ಮ. "ಎಷ್ಟು ಭಾರ ಅಂತ ಗೊತ್ತಾಗ್ಲಿ."

ಪಿಕಪ್ಪಿಗೆ ಎತ್ತುವಾಗ ಒಂದು ಬದಿ ಹಿಡಿದವನು ಕುಶಾಲಪ್ಪ. ಅವನ ಹೆಬ್ಬೆರಳು ತೂತಿನ ಮೇಲೆ ಬಂತು. ಕೈ ಸ್ವಲ್ಪ ಕೆಳಗೆ ಸರಿಸಿ ಹಿಡಿದ.

ಆಮೇಲೆ ಬಂದ ಹಬ್ಬದಲ್ಲಿ ನಡೆದದ್ದನ್ನು ಪಕ್ಕದ ಮನೆಯವರು ಬಂದು ಹೇಳಿದರು. ಒಂದು ಕೈಯಲ್ಲಿ ಕೋವಿ, ಇನ್ನೊಂದು ಕೈಯಲ್ಲಿ ತಟ್ಟೆ. ಕಡಂಬುಟ್ಟಿನ ಅಕ್ಕಿ ಉಂಡೆ ಮುರಿದು ಪಂದಿಕರಿಯ ಸಾರಿಗೆ ಅದ್ದುವುದು ಯಾವ ಕೈಯಲ್ಲಿ? ಸುಬೇದಾರರು ಸ್ವಲ್ಪ ಹೊತ್ತು ನೋಡಿದರಂತೆ. ಆಮೇಲೆ ಮೈದಾನದ ಕೊನೆಯ ಶೆಡ್ಡಿನಲ್ಲಿ ಎಲ್ಲ ಕೋವಿಗಳನ್ನೂ ಇಡಿಸಿ, ತಾವೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರಂತೆ. ಕಪ್ಪು ಕೋವಿಯೂ ಅಲ್ಲೇ, ಜೋಡಿ ನಳಿಗೆಯೂ ಅಲ್ಲೇ. ನಿಯಮ ಇನ್ನೂ ಮಾಡಿಲ್ಲ. ಚರ್ಚೆಯಲ್ಲಿದೆ.

ಈಗ ನಾನು ದೇಚಮ್ಮನ ಮನೆಯಲ್ಲಿ, ಬಾಗಿಲ ಪಕ್ಕ ಇದ್ದೇನೆ. ಅವಳ ಒಂಟಿ ನಳಿಗೆ ಒಳಗಿನ ಕಪಾಟಿನಲ್ಲಿದೆ, ಬೀಗದ ಹಿಂದೆ. ನನ್ನ ಮೇಲೆ ಈಗ ಹಾಕಿ ಆಟದ ಸ್ಟಿಕ್ಕುಗಳು ಒರಗಿವೆ. ಒಂದು ದೊಡ್ಡದು, ಪೂಣಚ್ಚನದು. ಒಂದು ಸಣ್ಣದು, ಅವನು ಹೋದಾಗ ಕೈಕೂಸಾಗಿದ್ದ ಮಗಳು ತಂಗಮ್ಮನದು. ಬಾಗಿದ ತುದಿ ಕೆಳಗೆ, ಹಿಡಿ ಗುಳಿಯಲ್ಲಿ. ಆಚಾರಿ ಅವಕ್ಕೆಂದೇ ಕೊರೆದ ಹಾಗೆ ಕೂರುತ್ತವೆ. ಸಣ್ಣದು ಮಣ್ಣು ಮೆತ್ತಿಕೊಂಡೇ ಒಳಗೆ ಬರುತ್ತದೆ, ಹೇಳಿದರೆ ಕೇಳುವವರಿಲ್ಲ.

ಮೊನ್ನೆ ತಂಗಮ್ಮ ಆಟ ಮುಗಿಸಿ ಬಂದವಳು ಸ್ಟಿಕ್ಕು ಒರಗಿಸಿ ನನ್ನ ಬಲಬದಿಯ ತೂತಿಗೆ ಕಣ್ಣಿಟ್ಟಳು.

"ಅವ್ವ, ಬೆಳಕು ಕಾಣ್ತದೆ."

ದೇಚಮ್ಮ ಬಟ್ಟೆ ಮಡಚುತ್ತಿದ್ದಳು. ತಲೆಯೆತ್ತಲಿಲ್ಲ.

"ಈ ತೂತು ಎಂತದ್ದು?"

"ಗುಂಡು ಹೋದದ್ದು."

ತಂಗಮ್ಮ ಇನ್ನೊಮ್ಮೆ ನೋಡಿದಳು. ಆಮೇಲೆ ಈಚೆ ತಿರುಗಿ ಕೇಳಿದಳು.

"ಯಾರಿಗೆ ತಾಗ್ತು?"

ಯಾವ ಕಂಪನಿ, ಯಾವ ಅಳತೆ, ಯಾವ ಕಾನೂನು, ಯಾರ ಹಕ್ಕು — ಅಷ್ಟು ವರ್ಷ ಆ ಜಗಲಿಯಲ್ಲಿ ಎಲ್ಲವನ್ನೂ ಕೇಳಿದ್ದರು. ಇದೊಂದನ್ನು ಯಾರೂ ಕೇಳಿರಲಿಲ್ಲ.

ದೇಚಮ್ಮ ಮಡಚುತ್ತಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು ಬಂದು, ನನಗೆ ಬೆನ್ನು ಒರಗಿಸಿ ನೆಲದ ಮೇಲೆ ಕೂತಳು. ಮಗಳನ್ನು ಪಕ್ಕಕ್ಕೆ ಕರೆದಳು. ಹೇಳತೊಡಗಿದಳು.