ಬೋಣಿ ಹಾಲು ಟಿವಿಯಲ್ಲಿ

ಕೇಬಲ್ಲಿನ ಹೊಸ ಪೆಟ್ಟಿಗೆ ಬಂದು ಎರಡು ದಿನವಾದರೂ ಕವಿತಳ ಕುತೂಹಲ ತಣಿದಿರಲಿಲ್ಲ. ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯೇ ಅವಳ ಕೇಬಲ್ ಕಂಟ್ರೋಲ್ ರೂಮು. ಉರಿಗಾಂವರೆಗಿನ ಟಿವಿಗಳಿಗೆಲ್ಲ ಅಲ್ಲಿಂದಲೇ ಕೇಬಲ್. ಪೆಟ್ಟಿಗೆಯೊಳಗೆ ಒಂದೇ ನೆಟ್ ವೈರು ಹೋಗುತ್ತದೆ, ಮೂವತ್ತು ಚಾನೆಲ್ ಹೊರಗೆ ಬರುತ್ತವೆ. ಯಾವ ಚಾನೆಲ್‌ಗೆ ಯಾವ ವಿಳಾಸದ ವಿಡಿಯೋ ಎಂದು ಅಂಕಿಗಳಲ್ಲಿ ತುಂಬಿದರೆ ಮುಗಿಯಿತು, ಉಳಿದದ್ದು ಪೆಟ್ಟಿಗೆಯ ಪಾಡು. ಗಂಡ ಸುಬ್ರಮಣಿ ಮುಟ್ಟಬೇಡ ಅಂದಿದ್ದ. ಹಾಗಂದಮೇಲೆ ಅವಳು ಮುಟ್ಟದೆ ಬಿಟ್ಟಾಳೆ?

ಬೆಳಗ್ಗೆ ಆರಕ್ಕೆ ಉರಿಗಾಂನ ಗಿರಾಕಿ ಸೆಲ್ವಿಯ ಫೋನು. "ಏನಕ್ಕಾ, ಭಕ್ತಿ ಚಾನೆಲ್ ಆಕಿದ್ರೆ ಆಲಿನ ಡೈರಿ ಬರ್ತೈತೆ?"

ಕವಿತ ಟಿವಿ ನೋಡಿ ನಾಲಿಗೆ ಕಚ್ಚಿಕೊಂಡಳು. ಊರಿನ ಡೈರಿಗೂ ನೆಟ್ ಕೊಟ್ಟವರು ಈ ಗಂಡ ಹೆಂಡತಿಯೇ. ಡೈರಿ ಕ್ಯಾಮೆರಾದ ವಿಳಾಸ ಭಕ್ತಿ ಚಾನೆಲ್ಲಿನ ಸಾಲಿಗೆ ಬಿದ್ದಿತ್ತು. ತಿದ್ದಲು ಹೋದ ಕೈ, ತೆರೆಯಲ್ಲಿ ಅತ್ತೆ ಚಿಕ್ಕವೆಂಕಟಮ್ಮನನ್ನು ಕಂಡು ನಿಂತಿತು.

ಅತ್ತೆಗೆ ವಾರದಿಂದ ಊಟ ಸೇರುತ್ತಿರಲಿಲ್ಲ. ಅವರ ಹಾಲಿನ ಜಿಡ್ಡು, ಅಂದರೆ ಫ್ಯಾಟು, ಮೂರು ದಾಟುತ್ತಿಲ್ಲ, ನೀರು ಬೆರೆಸುತ್ತಾರೆ ಎಂದು ಡೈರಿ ಸೆಕ್ರೆಟರಿ ಮುನಿಸ್ವಾಮಪ್ಪ ಎಲ್ಲರೆದುರು ಅಂದುಬಿಟ್ಟಿದ್ದ. ನಾಳೆಯೊಳಗೆ ಸರಿಹೋಗದಿದ್ದರೆ ಹಾಲು ವಾಪಸ್ಸು ಎಂದೂ ಹೇಳಿದ್ದ. ಮೂವತ್ತು ವರ್ಷದಿಂದ ಹಾಲು ಹಾಕುವ ಹೆಂಗಸಿಗೆ ಅದು ಸಾಯುವಂಥ ಅವಮಾನ.

ತೆರೆಯಲ್ಲಿ ಮುನಿಸ್ವಾಮಪ್ಪ ದೇವರ ಪಟಕ್ಕೆ ಊದುಬತ್ತಿ ಬೆಳಗಿ, ಅತ್ತೆಯ ಕ್ಯಾನಿಗೂ ಬೆಳಗಿದ. ವಾರದ ಹಿಂದೆ ಫ್ಯಾಟು ಅಳೆಯುವ ಹೊಸ ಮೆಷಿನ್ನು ಬಂದಾಗಿನಿಂದ ದಿನದ ಮೊದಲ ಹಾಲು, ಬೋಣಿ, ಅತ್ತೆಯದೇ. ಅವರ ಕೈಗುಣ ಒಳ್ಳೆಯದಂತೆ. ನೀರು ಬೆರೆಸುತ್ತಾರೆ ಅಂದವನಿಗೂ ಬೋಣಿಗೆ ಮಾತ್ರ ಅವರೇ ಬೇಕು. ಉದ್ದ ಹಿಡಿಯ ಸೌಟನ್ನು ತಳದವರೆಗೆ ಇಳಿಸಿ ಮೆಷಿನ್ನಿಗೆ ಹಾಲು ತೆಗೆದ. ಆಮೇಲೆ ಪಾಪಕ್ಕನ ಸರದಿ. ಆಕೆಯ ಕ್ಯಾನಿಗೆ ಮೊದಲು ಕಲಕುವ ಕೋಲು ಇಳಿಯಿತು, ನಂತರ ಸೌಟು. ಹಿಂದಿದ್ದ ಎಲ್ಲರಿಗೂ ಹಾಗೇ.

ಅತ್ತೆ ಮನೆಗೆ ಬರುವುದನ್ನೇ ಕಾದಿದ್ದಳು. "ಅತ್ತೆ, ಟಿವೀಲಿ ನೋಡ್ದೆ, ಉರಿಗಾಂವರ್ಗೂ ಕಾಣ್ತೈತೆ. ನಿಮ್ ಆಲೊಂದನ್ನೇ ಯಾಕೆ ಕಲಕಲ್ಲ?"

"ಬೋಣಿ ಆಲು ಕಣಮ್ಮ. ಪೂಜೆ ಆಗಿರೋದನ್ನ ಕಲಕ್ತಾರಾ?"

"ಕೆನೆಯೆಲ್ಲ ಮೇಲೆ ನಿಂತೈತೆ, ಅವ್ರು ತಳದ್ದು ತೆಗೀತಾವ್ರೆ. ಫ್ಯಾಟು ಎಲ್ಲಿಂದ ಬರ್ಬೇಕು?"

ಅತ್ತೆ ಖಾಲಿ ಕ್ಯಾನನ್ನು ಕೆಳಗಿಟ್ಟರು. "ನಂಗೆ ದೊಡ್ಡ ಮರ್ಯಾದೆ ಅಂದ್ಕೊಂಡಿದ್ನಲ್ಲೇ," ಅಂದರು.

ಮಾರನೆಯ ಬೆಳಗ್ಗೆಯೂ ಕವಿತ ವಿಳಾಸ ತಿದ್ದಿರಲಿಲ್ಲ. ಗಿರಾಕಿಗಳಿಂದ ಬೈಗುಳ ಬಂದರೆ ಬರಲಿ. ಮುನಿಸ್ವಾಮಪ್ಪ ಊದುಬತ್ತಿ ಹಿಡಿದು ತಿರುಗುವಷ್ಟರಲ್ಲಿ ಅತ್ತೆ ಗೋಡೆಗೆ ಒರಗಿಸಿದ್ದ ಕಲಕುವ ಕೋಲು ತೆಗೆದು ತಮ್ಮ ಕ್ಯಾನನ್ನು ತಾವೇ ಕಲಕತೊಡಗಿದ್ದರು. ಅವನು ಏನೋ ಕೂಗಾಡಿದ. ಕ್ಯಾಮೆರಾಕ್ಕೆ ದನಿಯಿಲ್ಲ. ಅತ್ತೆ ಕೋಲು ಬಿಡಲಿಲ್ಲ. ಕೊನೆಗೆ ಸೌಟು ಇಳಿಯಿತು. ಮೆಷಿನ್ನಿನ ಅಂಕಿ ಅಷ್ಟು ದೂರದಿಂದ ಕಾಣಲಿಲ್ಲ. ಕವಿತ ಟಿವಿಗೆ ಮುಖ ಹತ್ತಿಸಿ ನಿಂತಳು.

ಅತ್ತೆ ಕ್ಯಾಮೆರಾದ ಕಡೆ ತಿರುಗಿ ನಾಲ್ಕು ಬೆರಳು ತೋರಿಸಿದರು. ಆಮೇಲೆ ಉರಿಗಾಂನವರಿಗೂ ಕಾಣಲಿ ಎಂಬಂತೆ ಕೈಯನ್ನು ಇನ್ನೂ ಮೇಲಕ್ಕೆತ್ತಿದರು.